ಒಟಿಪಿಗೊಂದು ಕಂಬಳಿ

ನನ್ನ ಅಂಗಡಿಯ ಜಿಎಸ್‌ಟಿ ನೋಂದಣಿ ಉಳಿಸಿಕೊಳ್ಳಲು ತಗುಲಿದ ವೆಚ್ಚ: ಐದು ಕಂಬಳಿ. ಅದೂ ಏಪ್ರಿಲ್ ತಿಂಗಳಲ್ಲಿ, ಸಿಂಧನೂರಿನ ಬಿಸಿಲಿನಲ್ಲಿ! ಕಾರಣ: ನಾನು ಜಾಣ.

ಜಾಣ ಎಂಬುದು ಬರಿಯ ಮಾತಲ್ಲ. ತಳ್ಳುಗಾಡಿಯಲ್ಲಿ ನಲ್ಲಿ, ವಾಷರ್ ಮಾರುತ್ತ ಶುರು ಮಾಡಿ ಇಂದು ಪೈಪು-ಪಂಪಿನ ಅಂಗಡಿ ಇಟ್ಟವನು ನಾನು. ಚೌಕಾಸಿ ಮಾಡದೆ ಒಂದು ನಿಂಬೆಹಣ್ಣನ್ನೂ ಕೊಂಡವನಲ್ಲ. ಹಾಗಾಗಿ ಜಿಎಸ್‌ಟಿ ಮಾಡಿಸುವಾಗ ಊರಿನ ಸಲಹೆಗಾರರನ್ನು ಬಿಟ್ಟು, ಫೀ ಕಡಿಮೆಯೆಂದು ಲಿಂಗಸುಗೂರಿನ ಪಂಪಣ್ಣನನ್ನು ಹಿಡಿದೆ. ಆ ಕಡಿಮೆಯಲ್ಲೂ ಕಡಿಮೆ ಮಾಡಿಸಿ, "ರಿಟರ್ನ್ ಟೈಮ್ ಬಂದಾಗ ನೆನಪು ಮಾಡೋದು ಬ್ಯಾಡ ಬಿಡು, ಅದಕ್ಕ್ಯಾಕ ರೊಕ್ಕ" ಎಂದು ಆ ಕೆಲಸವನ್ನೂ ಕೈಬಿಡಿಸಿದೆ.

ಅವನು ಮೊಬೈಲ್ ನಂಬರ್ ಕೇಳಿದ. ಸ್ವಂತ ನಂಬರ್ ಕೊಟ್ಟರೆ ಇಲಾಖೆಯವರು ದಿನಾ ಕಾಡುತ್ತಾರಲ್ಲವೇ? ಬಸ್‌ಸ್ಟ್ಯಾಂಡ್ ಎದುರು ಛತ್ರಿಯ ಕೆಳಗೆ ಪುಕ್ಕಟೆ ಹಂಚುತ್ತಿದ್ದ ಸಿಮ್ಮಿನ ನಂಬರ್ ಬರೆಸಿದೆ. ಆಮೇಲೆ ಅದಕ್ಕೆ ರೀಚಾರ್ಜ್ ಮಾಡಿಸಲಿಲ್ಲ. ಯಾರೂ ಕಾಡಲಿಲ್ಲ! ನನ್ನ ಉಪಾಯಕ್ಕೆ ನಾನೇ ತಲೆದೂಗಿದೆ. ಅಂಗಡಿಗೆ ಬಂದವರಿಗೆಲ್ಲ ಇದೇ ಸಲಹೆಯನ್ನು ಧರ್ಮಾರ್ಥವಾಗಿ ದಯಪಾಲಿಸಿದೆ.

ಯಾರೂ ಕಾಡದಿದ್ದ ಮೇಲೆ ರಿಟರ್ನ್ ನೆನಪಾಗುವುದಾದರೂ ಹೇಗೆ?

ಒಂದು ಬೆಳಿಗ್ಗೆ ಅಕ್ಕಿ ಮಿಲ್ಲಿನ ಮ್ಯಾನೇಜರ್ ಫೋನ್ ಮಾಡಿದರು. ನನ್ನ ಅರ್ಧ ವ್ಯಾಪಾರ ಆ ಒಂದೇ ಮಿಲ್ಲಿನದು.

"ಸಾವ್ಕಾರ್ರ, ನಿಮ್ಮ ಜಿಎಸ್‌ಟಿ ಸಸ್ಪೆಂಡ್ ಅಂತ ತೋರಸಾಕತ್ತೈತಿ. ನಿಮ್ಮ ಬಿಲ್ ನಮಗ ನಡ್ಯಂಗಿಲ್ಲ. ನಾಳಿಗೆ ಸರಿ ಆಗಲಿಲ್ಲಂದ್ರ ಪೈಪಿನ ಆರ್ಡರ್ ಬ್ಯಾರೇವ್ರಿಗೆ ಕೊಡ್ತೀವಿ ನೋಡ್ರಿ."

ಪಂಪಣ್ಣನಿಗೆ ಫೋನ್ ಹಚ್ಚಿದೆ. ಅವನು ಕಂಪ್ಯೂಟರ್ ನೋಡಿ ಹೇಳಿದ: "ಅಣ್ಣಾ, ನೋಟಿಸ್ ಬಂದೈತಿ. ಉತ್ತರ ಕೊಡಾಕ ಇವತ್ತ ಕಡೀ ದಿನ. ಎರಡು ಕ್ವಾರ್ಟರ್ ಬಾಕಿ, ಕ್ವಾರ್ಟರಿಗೆ ಎರಡರಂಗ ನಾಕು ರಿಟರ್ನ್ ಹಾಕಬೇಕು. ಒಂದೊಂದಕ್ಕ ಒಂದೊಂದು ಒಟಿಪಿ ಬರ್ತೈತಿ, ಹೇಳ್ರಿ ಸಾಕು. ಲೇಟ್ ಫೀನೂ ಕಟ್ಟಬೇಕು."

"ಏನರ ಕಮ್ಮಿ ಮಾಡ್ಸಪ."

"ಅದು ಕಂಪ್ಯೂಟರ್ ರೀ ಅಣ್ಣಾ. ಅದಕ್ಕ ಮಾರಿ ಇಲ್ಲ, ಮುಲಾಜಿಲ್ಲ!"

ಸಿಮ್ಮಿಗಾಗಿ ಮನೆಯೆಲ್ಲ ತಡಕಾಡಿದೆ. ಹೆಂಡತಿ ಶಾಂತಮ್ಮ ಹೆಸರಿಗೆ ತಕ್ಕಂತೆ ಶಾಂತವಾಗಿಯೇ ನುಡಿದಳು: "ಅದು ಸತ್ತು ಎಷ್ಟ್ ದಿನಾತು! ಕಂಪನ್ಯಾವ್ರು ಆ ನಂಬರ್ ಮತ್ತೊಬ್ರಿಗೆ ಕೊಟ್ಟಿರ್ತಾರ. ಹಚ್ಚಿ ನೋಡ್ರಿ."

ಹಚ್ಚಿದೆ. ಮುದುಕಿಯೊಬ್ಬಳು ಎತ್ತಿದಳು.

"ಯಾವನಲೇ ನೀ?"

"ಅವ್ವಾ, ನಾ ಸಿಂಧನೂರಿನ ವ್ಯಾಪಾರಿ. ನಿಮ್ಮ ಫೋನಿಗೆ ನಂದೊಂದು ಒಟಿಪಿ ಬರ್ತೈತಿ..."

"ಒಟಿಪಿ ಕೇಳವ್ರು ಕಳ್ಳರು ಅಂತ ಮಮ್ಮಗಳು ಹೇಳ್ಯಾಳ. ಮಸ್ಕಿ ಬಸ್‌ಸ್ಟ್ಯಾಂಡ್ ಮುಂದ ಕಂಬಳಿ ಮಾರ್ತೀನಿ. ಧೈರ್ಯ ಇದ್ರ ಎದುರಿಗೆ ಬಂದು ಕೇಳು!"

ಬೈಕ್ ಏರಿ ಮಸ್ಕಿಗೆ ಓಡಿದೆ. ಕಂಬಳಿಯ ರಾಶಿಯ ಪಕ್ಕದಲ್ಲಿ ಕುಳಿತಿದ್ದ ಆಕೆ ನಿಂಗವ್ವ. ನನ್ನನ್ನು ಕಂಡೊಡನೆ ಊರಿಗೆಲ್ಲ ಕೇಳುವಂತೆ ಸಾರಿದಳು: "ಬಂದಾನ ನೋಡ್ರೆವ್ವಾ, ಒಟಿಪಿ ಕಳ್ಳ!" ಕ್ಷಣದಲ್ಲಿ ಜನ ಸೇರಿತು. ಆಧಾರ್ ತೋರಿಸಿದೆ, ಬಿಲ್‌ಬುಕ್ ತೋರಿಸಿದೆ, ಅಂಗಡಿಯ ಬೋರ್ಡಿನ ಮುಂದೆ ಹಾರ ಹಾಕಿಸಿಕೊಂಡು ನಿಂತ ಫೋಟೋವನ್ನೂ ತೋರಿಸಿದೆ. ಆಗ ಆಕೆ ಮೆತ್ತಗಾದಳು.

"ಓಹೋ, ರಿಟರ್ನ್ ಹಾಕು, ರಿಟರ್ನ್ ಹಾಕು ಅಂತ ಮೆಸೇಜ್ ಬರಾಕತ್ತಿದ್ದು ನಿಂದಾ? ಓದಿ ಓದಿ ಮಮ್ಮಗಳಿಗೆ ಸಾಕಾಗಿತ್ತು! ಇಷ್ಟ್ ದಿನ ನಿನ್ನ ಟಪಾಲು ಕಾದೀನಿ. ನನಗಿನ್ನ ಬೋಣಿಗಿ ಆಗಿಲ್ಲ. ಒಂದು ಕಂಬಳಿ ತಗೋ, ಒಟಿಪಿ ತೋರಸ್ತೀನಿ."

ನಾನು ಫೋನ್ ಹಚ್ಚಿ ಹೇಳಿದೊಡನೆ ಪಂಪಣ್ಣ ಲಿಂಗಸುಗೂರಿನಲ್ಲಿ ಗುಂಡಿ ಒತ್ತಿದ. ನಿಂಗವ್ವನ ಫೋನು ಕಿಣಿ ಎಂದಿತು. ಆಕೆ ಅದನ್ನು ಸೆರಗಿನೊಳಗಿಟ್ಟು ಹೇಳಿದಳು: "ಸಾವಿರದ ಇನ್ನೂರು."

ನನ್ನೊಳಗಿನ ವ್ಯಾಪಾರಿ ಎದ್ದು ನಿಂತ. "ಆರುನೂರು" ಎಂದೆ. ಆಕೆ ಕುರಿ ಮೇಯಿಸಿದ ಕಷ್ಟ ಹೇಳಿದಳು. ನಾನು ಬಿಸಿಲಿನ ಧಗೆ ತೋರಿಸಿದೆ. ಆಕೆ ನೂಲಿನ ಕಥೆ ತೆಗೆದಳು. ನಾನು ಎದ್ದು ಹೋಗುವ ನಾಟಕ ಆಡಿದೆ. ಕೊನೆಗೆ ಒಂಬೈನೂರಕ್ಕೆ ಇಳಿಸಿದೆ! ಸುತ್ತ ನಿಂತವರು "ಭಲೆ" ಎಂದರು. ವಿಜಯದ ದನಿಯಲ್ಲಿ ಒಟಿಪಿ ಓದಿ ಹೇಳಿದೆ.

"ಅಣ್ಣಾ," ಎಂದ ಪಂಪಣ್ಣ, "ಅದರ ಆಯುಷ್ಯ ಹತ್ತ ನಿಮಿಷ. ಯಾವಾಗೋ ಸತ್ತೈತಿ!"

ಸ್ಪೀಕರ್ ಹಾಕಿದ್ದು ನನ್ನ ತಪ್ಪು. ನಿಂಗವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನಗೆ ವರ್ಷದಲ್ಲಿ ತಿಳಿಯದ ಜಿಎಸ್‌ಟಿ ಆಕೆಗೆ ಒಂದೇ ನಿಮಿಷದಲ್ಲಿ ತಿಳಿದಿತ್ತು!

"ಹೊಸ ಒಟಿಪಿ, ಹೊಸ ಕಂಬಳಿ. ಸಾವಿರದ ಇನ್ನೂರು. ಚೌಕಾಸಿ ಮಾಡ್ತಿ ಅಂದ್ರ ಮಾಡಪಾ, ನನಗೇನು ಅವಸರ ಇಲ್ಲ."

ಮಾಡಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ, ಹೇಳಿದ ದರಕ್ಕೆ ಕೊಂಡೆ. ನಾಲ್ಕು ಸಲ!

ಸಂಜೆಯ ಹೊತ್ತಿಗೆ ರಿಟರ್ನುಗಳೆಲ್ಲ ಸಲ್ಲಿಕೆಯಾಗಿ, ಮರುದಿನ ಸಸ್ಪೆಂಡ್ ತೆರವಾಗಿ, ಮಿಲ್ಲಿನ ಆರ್ಡರ್ ಉಳಿಯಿತು. ಹೆಂಡತಿ ಮಾತ್ರ ರಾಶಿಯನ್ನು ನೋಡಿ, "ಮನ್ಯಾಗ ಮೂರು ಮಂದಿ, ಕಂಬಳಿ ಐದು. ಉಳಿದ ಎರಡು ನಿಮ್ಮ ಜಾಣತನಕ್ಕ ಹೊಚ್ಚೋಣೇನ್ರಿ?" ಎಂದಳು. ನಂಬರ್ ಬದಲಾಯಿಸಲು ಪಂಪಣ್ಣ ನಮ್ಮ ಅಂಗಡಿಗೆ ಬಂದು ಅರ್ಜಿ ತುಂಬುತ್ತಿದ್ದಾಗ ಅವನ ಕೈಯಲ್ಲಿದ್ದ ಪೆನ್ನು ಕಸಿದುಕೊಂಡು ತನ್ನದೇ ನಂಬರ್ ಬರೆದಳು, ಅಂಗಡಿಯ ಬೋರ್ಡಿಗೂ ಅದನ್ನೇ ಹಾಕಿಸಿದಳು.

ಆದ್ದರಿಂದ ಸಣ್ಣ ವ್ಯಾಪಾರಿ ಬಂಧುಗಳೇ, ಹೇಳುವುದಿಷ್ಟು. ನೋಂದಣಿಗೆ ಜೀವಂತ ನಂಬರ್ ಕೊಡಿ, ರೀಚಾರ್ಜ್ ಮಾಡಿಸಿ ಅದನ್ನು ಜೀವಂತ ಇಡಿ. ನಂಬರ್ ಬದಲಾದ ದಿನವೇ ಅಲ್ಲಿಯೂ ಬದಲಾಯಿಸಿ. ವ್ಯಾಪಾರ ಇಲ್ಲದ ಅವಧಿಗೂ ಶೂನ್ಯ ರಿಟರ್ನ್ ಹಾಕಲೇಬೇಕು, ಸುಮ್ಮನಿದ್ದರೆ ಅದೇ ಅಪರಾಧ. ಸಲಹೆಗಾರನ ಫೀ ಇಳಿಸುವಾಗ ಅವನು ಯಾವ ಕೆಲಸ ಬಿಡುತ್ತಿದ್ದಾನೆಂದು ಕೇಳಿಕೊಳ್ಳಿ.

ಇನ್ನೂ ಏನಾದರೂ ಸಂಶಯವಿದ್ದರೆ ಅಂಗಡಿಗೆ ಫೋನ್ ಮಾಡಿ. ಶಾಂತಮ್ಮ ಎತ್ತುತ್ತಾಳೆ. ನನ್ನನ್ನು ಕರೆಯಿರಿ ಎಂದು ಮಾತ್ರ ಹೇಳಬೇಡಿ. ಸಲಹೆ ಕೊಡುವ ಕೆಲಸದಿಂದ ನಾನು ಸಸ್ಪೆಂಡ್ ಆಗಿದ್ದೇನೆ!