ಗಾಳಿಗೆ ತೂಗಿದ ಗಂಟು

ಒಣಗಿಸಿದ ಕುರಿಮಾಂಸವನ್ನು ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ; ಗಾಳಿಗೆ ತೂಗುಹಾಕಿದರೆ ನೆರೆಹೊರೆಗೆಲ್ಲ ಕಾಣುತ್ತದೆ. ತಾಲ್ಲೂಕು ಕಚೇರಿಯ ಜವಾನ ಚೌಡಪ್ಪನ ಕಷ್ಟ ಇಷ್ಟೇ.

ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ ಅವನಿಗೆ ಸೊರಬದಿಂದ ಶಿಕಾರಿಪುರಕ್ಕೆ ವರ್ಗವಾಗಿತ್ತು. ಬೀದಿ ಬೀದಿ ಅಲೆದ ಮೇಲೆ ಸಿಕ್ಕಿದ್ದು ವ್ಯಾಪಾರಿ ಮಹೇಶ್ವರಪ್ಪನವರ ಹಿತ್ತಿಲಿನ ಎರಡು ಕೋಣೆ. ಅಲ್ಲಿಗೆ ಮಾಂಸ ಬರಕೂಡದೆಂಬುದು ಅವರ ಒಂದೇ ಕರಾರು. ಹೆಂಡತಿ ಹುಲಿಯಮ್ಮ ಬಸುರಿ, ಬೇರೆ ಮನೆ ಸಿಗುವಂತಿಲ್ಲ, ಚೌಡಪ್ಪ ಒಪ್ಪಿದ್ದ.

ಆ ದಿನ ಬೆಳಗ್ಗೆ ಅತ್ತೆ ಸುಂಕಲಮ್ಮ, ಮಗಳ ಬಯಕೆ ತೀರಿಸಲೆಂದು, ತಮ್ಮೂರು ಜಡೆಯಿಂದ ಗಂಟೊಂದನ್ನು ಹೊತ್ತು ತಂದರು. ಉಪ್ಪು, ಅರಿಸಿನ, ಖಾರ ಹಚ್ಚಿ, ದಾರಕ್ಕೆ ಪೋಣಿಸಿ, ಬಿಸಿಲಿನಲ್ಲೂ ಒಲೆಯ ಹೊಗೆಯಲ್ಲೂ ಒಣಗಿಸಿದ ಮಾಂಸದ ಸರ. ಹಳೆಯ ಚಪ್ಪಲಿಯ ಬಾರುಗಳಂತೆ ಕರ್ರಗಿತ್ತು. ಮಾಂಸ ಒಯ್ಯುವವರನ್ನು ದಾರಿಯಲ್ಲಿ ದೆವ್ವ ಹಿಂಬಾಲಿಸಬಾರದೆಂದು ಅವರ ಕಡೆಯ ರೂಢಿಯಂತೆ ಜೊತೆಗೆ ಇದ್ದಿಲು, ಒಣಮೆಣಸಿನಕಾಯಿ, ಕಬ್ಬಿಣದ ಮೊಳೆಯನ್ನೂ ಕಟ್ಟಿದ್ದರು.

"ಮುಚ್ಚಿಡಬೇಡಿ ಅಳಿಯಂದ್ರೆ, ಅದಕ್ಕೆ ಗಾಳಿ ಆಡ್ಬೇಕು" ಎಂದಷ್ಟೇ ಹೇಳಿ ಅವರು ಬಸ್ಸು ಹತ್ತಿದರು.

ಚೌಡಪ್ಪ ಗಂಟನ್ನು ಟ್ರಂಕಿಗೆ ತುರುಕಿದ. ಹುಲಿಯಮ್ಮ ತೆಗೆಸಿದಳು. ಅಟ್ಟದ ಮೇಲಿಟ್ಟ. ಅಲ್ಲಿ ಗಾಳಿಯಿಲ್ಲವೆಂದಳು. ಕಡೆಗೆ ಹಿಂಬದಿಯ ಸೂರಿನಡಿ, ಯಾರ ಕಣ್ಣೂ ಹೋಗದ ಮೂಲೆಯಲ್ಲಿ ತೂಗುಹಾಕಿ ಕಚೇರಿಗೆ ಹೋದ. ಮನುಷ್ಯರ ಕಣ್ಣನ್ನು ಲೆಕ್ಕ ಹಾಕಿದ್ದ; ಬೆಕ್ಕಿನ ಮೂಗನ್ನು ಬಿಟ್ಟಿದ್ದ.

ಮಧ್ಯಾಹ್ನದ ಹೊತ್ತಿಗೆ ಮನೆಯಿಂದ ಹೇಳಿಕಳಿಸಿದರು. ಓಡಿ ಬಂದು ನೋಡಿದರೆ ಹಿತ್ತಿಲಿನಲ್ಲಿ ಅರ್ಧ ಬೀದಿಯೇ ನೆರೆದಿತ್ತು. ಯಜಮಾನರ ಹೆಂಡತಿ ಸರ್ವಮಂಗಳ ಒಗೆಯುವ ಕಲ್ಲಿನ ಮೇಲೆ ಬಿಳಿಚಿಕೊಂಡು ಕುಳಿತಿದ್ದರು. ಬೆಕ್ಕು ಹಾರಿ ಎಳೆದ ಗಂಟು, ಹೂ ಬಿಡಿಸುತ್ತಿದ್ದ ಅವರ ಕಾಲಬುಡದಲ್ಲೇ ಬಿದ್ದು ಬಿಚ್ಚಿಕೊಂಡಿತ್ತಂತೆ. ಚೌಡಪ್ಪ ತಪ್ಪಾಯಿತೆಂದು ಕಾಲಿಗೆ ಬೀಳಲು ಬಗ್ಗಿದ.

ಮಹೇಶ್ವರಪ್ಪ ಅವನ ಭುಜ ಹಿಡಿದೆತ್ತಿದರು. "ಹೆದರಬ್ಯಾಡ. ನಿನಗೆ ಯಾರ ಮೇಲಾದ್ರೂ ಅನುಮಾನ ಐತೇನು?"

"ಅನುಮಾನ?"

"ಮಾಟ ಮಾಡ್ಸ್ಯಾರೋ ನಿನಗೆ. ಇದ್ದಿಲು ನೋಡು, ಮೊಳೆ ನೋಡು. ಆ ಕರೇ ಸರ ಏನೋ, ಶಿವನೇ ಬಲ್ಲ."

ಚೌಡಪ್ಪನಿಗೆ ಹೋದ ಜೀವ ಬಂತು. ಕೆಲವು ದಿನಗಳಿಂದ ಕೆಟ್ಟ ಕನಸು ಬೀಳುತ್ತಿವೆಯೆಂದು ತಾನೂ ಸೇರಿಸಿದ. ಪಕ್ಕದ ಮನೆಯ ತೋಟಪ್ಪ ಅವು ಉಡದ ಬಾಲಗಳೆಂದರು. ಅವರ ಹೆಂಡತಿ ಜಗದಾಂಬ ಬಾವಲಿಯ ರೆಕ್ಕೆಗಳೆಂದರು. ಹೊಸ್ತಿಲಲ್ಲಿ ನಿಂತ ಹುಲಿಯಮ್ಮ ಸರವನ್ನೇ ನೋಡುತ್ತ ಉಗುಳು ನುಂಗುತ್ತಿದ್ದುದನ್ನು ಕಂಡು, ಪಾಪ, ಬಸುರಿ ಎಷ್ಟು ಹೆದರಿದ್ದಾಳೆಂದು ಎಲ್ಲರೂ ಮರುಗಿದರು.

ಸಂತೆಗೆ ಬಂದಿದ್ದ ಚಂದ್ರಗುತ್ತಿಯ ಮಂತ್ರವಾದಿ ಮಂಜಪ್ಪನನ್ನು ಕರೆತಂದರು. ಅವನು ಸರದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಮೂಸಿದ. ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದ.

"ಇದು ಕೈ ಪಳಗಿದವ್ರ ಕೆಲಸ" ಎಂದ.

ಸೀಮೆಎಣ್ಣೆ ಸುರಿದು ಸುಟ್ಟುಬಿಡೋಣವೇ ಎಂದು ಮಹೇಶ್ವರಪ್ಪ ಕೇಳಿದಾಗ ಮಂಜಪ್ಪ ಬೆಚ್ಚಿಬಿದ್ದ. ಸುಟ್ಟರೆ ಹೊಗೆ ಹೋದಲ್ಲೆಲ್ಲ ಪೀಡೆ ಹೋಗುವುದೆಂದೂ, ತಾನೇ ಮನೆಗೆ ಒಯ್ದು ನಿವಾರಿಸುವೆನೆಂದೂ ತಿಳಿಸಿದ. ಇದ್ದಿಲು, ಮೆಣಸಿನಕಾಯಿ, ಮೊಳೆಗಳನ್ನು ಅಲ್ಲಿಯೇ ಬಿಟ್ಟು ಸರವನ್ನು ಮಾತ್ರ ಟವೆಲಿನಲ್ಲಿ ಕಟ್ಟಿಕೊಂಡ. ಬಳಿಕ ಚೌಡಪ್ಪನ ತಲೆಯ ಮೇಲೆ ಕೈಯಿಟ್ಟು, ಮಂತ್ರ ಹೇಳುವವನಂತೆ ಕಿವಿಯ ಬಳಿ ಬಗ್ಗಿದ.

"ನೆನೆಹಾಕ್ಬೇಕೇನಪ್ಪಾ, ಇಲ್ಲ ಹಂಗೇ ಬೇಯ್ತದಾ?"

ಚೌಡಪ್ಪ ಅಷ್ಟೂ ಜನರ ಮುಖ ನೋಡಿದ. "ಬಿಸಿನೀರಲ್ಲಿ ನೆನೆಸಿ" ಎಂದು ಉಸುರಿದ.

ಸರ ಹೋದರೂ ಮನೆ ಉಳಿಯಿತೆಂದು ಅವನು ಸಮಾಧಾನದ ಉಸಿರೆಳೆಯುವಷ್ಟರಲ್ಲಿ ಮಹೇಶ್ವರಪ್ಪ ಹತ್ತಿರ ಬಂದರು. ಅವರ ಕಣ್ಣಲ್ಲಿ ನಿಜವಾದ ಮರುಕವಿತ್ತು.

"ಮಾಟ ಬಿದ್ದ ಜಾಗದಾಗೆ ಬಸುರಿ ಹೆಣ್ಮಗಳನ್ನ ಇಟ್ಕಂಡ್ರೆ ಆ ಪಾಪ ನನಗೆ ಸುತ್ಕಂತದೆ. ಗಾಡಿ ಹೇಳೀನಿ. ಸಂಜಿ ಒಳಗೆ ಖಾಲಿ ಮಾಡಪ್ಪಾ."

ಮಾಟವಲ್ಲವೆಂದರೆ ಮಾಂಸವೆನ್ನಬೇಕು, ಮಾಂಸವೆಂದರೂ ಮನೆ ಬಿಡಬೇಕು. ಚೌಡಪ್ಪ ಒಳಗೆ ಹೋಗಿ ಹಾಸಿಗೆ ಸುತ್ತತೊಡಗಿದ.