ನೀಲಿ ಸೀಸೆಯ ಸೆಂಟು

ಒಂದು ಮನೆಗೆ ಹೊಸ ವಾಸನೆ ಬಂದರೆ ಓಣಿಯ ಮೂಗೆಲ್ಲ ಆ ಕಡೆಗೇ ತಿರುಗುವುದು ನಮ್ಮ ಸೀಮೆಯ ಪದ್ಧತಿ. ಎಪ್ಪತ್ತರ ದಶಕದಲ್ಲಿ ನಾನು ಸಿಂದಗಿಯ ಶಾಲೆಯೊಂದರಲ್ಲಿ ಅಕ್ಕೋರು ಆಗಿದ್ದೆ. ಆಗ ಮುಂಬಯಿಯಿಂದ ನಮ್ಮಣ್ಣ ಬೆರಳುದ್ದದ ನೀಲಿ ಸೀಸೆಯಲ್ಲಿ ಹೆಂಗಸರ ಸೆಂಟು ತಂದುಕೊಟ್ಟ. ಅಲ್ಲಿಂದ ಶುರುವಾಯಿತು.

೧. ಲಗೇಜು

ಲಿಂಬೆಗೆ ಹೆಸರಾದ ಇಂಡಿ ಊರಿನ ತವರಿನಿಂದ ಬಸ್ಸು ಹತ್ತುವಾಗ ಎರಡು ಹನಿ ಹಚ್ಚಿಕೊಂಡೆ. ಆ ಸೆಂಟಿನ ಗುಣವೇ ಹಾಗೆ: ಮೊದಲು ಆಗಷ್ಟೇ ಹೆಚ್ಚಿದ ಲಿಂಬೆಹಣ್ಣು, ತಾಸು ಬಿಟ್ಟು ಮಲ್ಲಿಗೆ, ಸಂಜೆಗೆ ಗಂಧದ ಪೆಟ್ಟಿಗೆ ತೆರೆದ ಹಾಗೆ. ಕಂಡಕ್ಟರ್ ಮೂಗರಳಿಸಿ ನನ್ನ ಸೀಟಿನ ಕೆಳಗೆ ಬಗ್ಗಿದ.

"ಲಿಂಬಿಹಣ್ಣಿನ ಚೀಲ ಎಲ್ಲಿಟ್ಟೀರಿ ಅಕ್ಕೋರ? ಲಗೇಜ್ ಟಿಕೇಟ್ ತಗೀಬೇಕ್ರಿ."

"ಚೀಲ ಇಲ್ಲಪಾ, ಇದು ಸೆಂಟು."

"ಇಂಡ್ಯಾಗ ಹುಟ್ಟಿ ಬೆಳದಾಂವ್ರಿ ನಾ. ಲಿಂಬಿ ವಾಸನಿ ನನಗ ಕಲಸಬ್ಯಾಡ್ರಿ. ಚೀಲ ಸಿಗೂತನಾ ಬಸ್ಸು ಬಿಡಂಗಿಲ್ಲ!"

ಹಿಂದಿನ ಸೀಟಿನಿಂದ ಹಿರಿಯರೊಬ್ಬರು ಮೆಲ್ಲಗೆ ಎದ್ದರು. "ಅವರಿಗೇನ ಅನಬ್ಯಾಡ್ರಿ. ಚೀಲ ನಂದ ಐತಿ, ಧೋತರದಾಗ ಮುಚ್ಚೇನಿ."

೨. ಹೂವು

ಮಲ್ಲಿಗೆಯ ಹೊತ್ತಿಗೆ ಗಂಡನ ಮನೆ ಮುಟ್ಟಿದೆ. ಅತ್ತೆ ನನ್ನ ಸುತ್ತ ಒಂದು ಸುತ್ತು ಬಂದು, ಹೆರಳು ಎತ್ತಿ ನೋಡಿದರು.

"ದೇವರಿಗೆ ಏರಸಲಾರದ ಹೂವ ಮುಡದೀಯಲ್ಲ, ಎಲ್ಲಿ ಮುಚ್ಚಿಟ್ಟಿ?"

ಸೀಸೆ ತೋರಿಸಲೇಬೇಕಾಯಿತು. ಮೂಸಿದರು, ಇನ್ನೊಮ್ಮೆ ಮೂಸಿದರು, ತಿರುಗಿ ಕೊಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ದೇವರಕೋಣೆಯ ಜಗಲಿಯ ಮೇಲಿನ ದೇವರೂ ಘಮಘಮ.

೩. ಶನಿವಾರ

ನಮ್ಮವರಿಗೆ ಮುದ್ದೇಬಿಹಾಳದಲ್ಲಿ ನೌಕರಿ. ಶನಿವಾರ ಸಂಜೆಯ ಬಸ್ಸಿಗೆ ಬರುತ್ತಿದ್ದರು. ತುಂಬಿದ ಮನೆ, ಹಿರಿಯರ ಮುಂದೆ ಗಂಡನ ಸಂಗಡ ಮಾತಾಡುವ ಹಾಗಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ನಾನು ಕಾಯುತ್ತಿದ್ದೇನೆಂದು ಆ ವಾಸನೆಯೇ ಅವರಿಗೆ ಹೇಳಬೇಕು. ಅದಕ್ಕೇ ಆ ಸೀಸೆಯೆಂದರೆ ನನಗೆ ಜೀವ.

ಒಂದು ಶನಿವಾರ ಬಸುರಿ ನಾದಿನಿಯ ಕುಬಸ. ಉಡಿ ತುಂಬಲು ಓಣಿಯ ಹೆಂಗಸರೆಲ್ಲ ಬಂದಿದ್ದರು. ನಾನು ಶಾಲೆ ಮುಗಿಸಿ ಬರುವಷ್ಟರಲ್ಲಿ ಗುಲಾಬದಾನಿಯ ಪನ್ನೀರು ಮುಗಿದು, ಅತ್ತೆ ನನ್ನ ಸೀಸೆಯನ್ನೇ ಅದಕ್ಕೆ ಬಗ್ಗಿಸಿ, ಎಲ್ಲರಿಗೂ ಸಿಂಪಡಿಸಿ ಕಳಿಸಿದ್ದರು.

"ನನಗ್ರಿ ಅತ್ತಿ?" ಎಂದೆ. ಅಳುವೇ ಬಂದಿತ್ತು.

"ನೀ ಮನಿಯಾಕಿ. ಮದಲ ಬಂದ ಮಂದಿಗೆ, ಆಮ್ಯಾಲ ನಮಗ. ಅಷ್ಟರಾಗ ತೀರಿತವಾ."

ಸಂಜೆ ಕರೆಂಟು ಹೋಯಿತು. ಕತ್ತಲ ಓಣಿಯಲ್ಲಿ ಆ ಸೆಂಟು ಇಲ್ಲದ ಹೆಂಗಸು ನಾನೊಬ್ಬಳೇ. ಬಸ್ಸಿಳಿದು ಬಂದ ನಮ್ಮವರು ಮೂಗನ್ನೇ ನಂಬಿ, ನಮ್ಮ ಮನೆಗಿಂತ ಎರಡು ಮನೆ ಮೊದಲೇ ಒಳಹೊಕ್ಕು, ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದರಂತೆ:

"ನಿನ್ನ ಬಿಟ್ಟು ಒಂದ್ ವಾರ ತಗಿಯೂದು ಭಾಳ ತ್ರಾಸ ಆಗೈತಿ ನೋಡು."

ಆರಿದ ಒಲೆಯ ಮುಂದೆ ಕೂತಿದ್ದ ಆ ಮನೆಯ ಎಪ್ಪತ್ತು ದಾಟಿದ ಅಜ್ಜಿ ಉತ್ತರ ಕೊಟ್ಟಳು:

"ನನಗೂ ಹಂಗ ಆಗೈತ್ಯೋ ಯಪ್ಪಾ. ಆದ್ರ ನೀ ಯಾರ ಮಗಾ?"