ತಲೆಲೆಕ್ಕ ತಪ್ಪದ ಮುಂಬಯಿ ದರ್ಶನ

ಶ್ರೀಮಾನ್ ದಿಗಂಬರ ಪೆಡಣೇಕರ್ ಅವರ ಸನ್ನಿಧಿಗೆ,
ಮಾರ್ಗದರ್ಶಕರು, ‘ಸಾಗರರಾಣಿ’ ಮುಂಬಯಿ ದರ್ಶನ ಬಸ್ಸು, ದಾದರ್

ಮಾನ್ಯರೇ,

ಕೈಯಲ್ಲಿ ಮೈಕನ್ನೂ ಕೊರಳಲ್ಲಿ ಸೀಟಿಯನ್ನೂ ಧರಿಸಿ, ಇಡೀ ಮುಂಬಯಿಯನ್ನು ಒಂದೇ ಹಗಲಿನಲ್ಲಿ ನಮ್ಮ ಕಿಟಕಿಯೆದುರು ಓಡಿಸಿಬಿಟ್ಟ ತಮಗೆ, ವಾಯಿ ಊರಿನ ಚಿತ್ರಕಲಾ ಶಿಕ್ಷಕ ವಸಂತ ಶೇಡಗೆಯ ಸವಿನಯ ನಮಸ್ಕಾರಗಳು. ತಮ್ಮ ಗಂಟಲು ಕ್ಷೇಮವಾಗಿದೆಯೆಂದು ನಂಬಿದ್ದೇನೆ.

ಮೊದಲಿಗೆ ಮೆಚ್ಚುಗೆ. ತಾವು ‘ಎಡಗಡೆ ನೋಡಿ’ ಎಂದಾಗಲೆಲ್ಲ ನಾವೆಲ್ಲ ಭಕ್ತಿಯಿಂದ ಎಡಕ್ಕೆ ತಿರುಗಿದೆವು. ಅಷ್ಟರಲ್ಲಿ ನೋಡಬೇಕಾದದ್ದು ಹಿಂದೆ ಸರಿದಿರುತ್ತಿತ್ತು. ಶಿವಾಜಿ ಮಹಾರಾಜ ಟರ್ಮಿನಸ್ಸಿನದೆಂದು ನಾನು ತೆಗೆದ ಫೋಟೊದಲ್ಲಿ ಒಂದು ನೀರಿನ ಟ್ಯಾಂಕರು ಅತ್ಯಂತ ಸ್ಪಷ್ಟವಾಗಿ ಮೂಡಿದ್ದು, ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ.

ಇನ್ನು ಅರಿಕೆ. ಹುಟ್ಟಿದಾಗಿನಿಂದ ಸಮುದ್ರವನ್ನೇ ಕಾಣದ ನನ್ನ ತಾಯಿ ಅನಸೂಯಾಬಾಯಿಗೆ ಅದನ್ನೊಮ್ಮೆ ತೋರಿಸಬೇಕೆಂದೇ ನಾವು ಹೊರಟಿದ್ದು. ಬಸ್ಸಿನಲ್ಲಿ ವಾಂತಿಯಾಗುವ ಭಯಕ್ಕೆ ಆಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ನಾನೂ ನನ್ನ ಹೆಂಡತಿ ರೋಹಿಣಿಯೂ ಕೊನೆಯ ಸಾಲಿಗೆ ಹೋಗಿದ್ದೆವು. ಗೇಟ್‌ವೇ ಆಫ್ ಇಂಡಿಯಾ ಬಳಿ ಒಂದು ಚಹಾ ಕುಡಿಯುವಷ್ಟು ಹೊತ್ತು ಇಳಿಸಿ, ಸೀಟಿ ಊದಿ, ಮತ್ತೆ ಹತ್ತಿಸಿ, ತಾವು ತಲೆಗಳನ್ನು ಎಣಿಸಿದಿರಿ. ಲೆಕ್ಕ ಸರಿಬಂತು. ಬಸ್ಸು ಹೊರಟಿತು.

ಮರೀನ್ ಡ್ರೈವಿನಲ್ಲಿ ರೋಹಿಣಿ ನಿಂಬೆಹಣ್ಣು ಕೊಡಲು ಮುಂದೆ ಹೋದಾಗ, ಆಯಿಯ ಸೀಟಿನಲ್ಲಿ ಭಾರಿ ಗಾತ್ರದ ಗೃಹಸ್ಥರೊಬ್ಬರು ಮುಖದ ಮೇಲೆ ಕರವಸ್ತ್ರ ಹೊದ್ದು ಗೊರಕೆ ಹೊಡೆಯುತ್ತಿದ್ದರು. ಆಗ ತಾವು ನೀಡಿದ ಸಾಂತ್ವನವನ್ನು ನಾನು ಸಾಯುವವರೆಗೂ ಮರೆಯಲಾರೆ.

“ಗಾಬರಿ ಆಗ್ಬೇಡಿ ಸಾಹೇಬ್ರೆ. ನಿಮ್ಮ ತಾಯಿ ಕಳೆದಿದ್ರೆ ಒಂದು ತಲೆ ಕಡಿಮೆ ಬರ್ತಿತ್ತಲ್ಲ?”

“ಅದು ನಮ್ಮ ಆಯಿ ತಲೆ ಅಲ್ಲಾರೀ!” ಎಂದಳು ರೋಹಿಣಿ.

“ಯಾರ ತಲೆ ಅಂತ ನೋಡೋದು ನನ್ನ ಕೆಲಸ ಅಲ್ಲ ವಹಿನಿ. ಎಷ್ಟು ಅಂತ ನೋಡೋದು.”

ಎಚ್ಚರಗೊಂಡ ಗೃಹಸ್ಥರು ನಾಂದೇಡದ ನಿವೃತ್ತ ಹೆಡ್ ಕ್ಲರ್ಕ್ ಭಾಲೇರಾವ್. “ನಾನು ಸರಿಯಾದ ಬಸ್ಸಲ್ಲೇ ಇದ್ದೀನಿ, ನೀವೆಲ್ಲ ಯಾರು?” ಎಂದು ಅವರು ನಮ್ಮನ್ನೇ ಗದರಿದರು. ಹಿಂದೆ ತಿರುಗುವುದು ತಮ್ಮ ಬಸ್ಸಿನ ಪದ್ಧತಿಯಲ್ಲವಾದ್ದರಿಂದ ನಾವು ಮೂವರೂ ಚೌಪಾಟಿಯಲ್ಲಿ ಇಳಿದೆವು. ರಸ್ತೆಬದಿಯಲ್ಲಿ ಅಳುತ್ತಿದ್ದ ರೋಹಿಣಿಯನ್ನು ಹಿಡಿದುಕೊಂಡು ನಾನು ಟ್ಯಾಕ್ಸಿಗೆ ಕೈ ಅಡ್ಡ ಹಾಕುತ್ತಿದ್ದಾಗ, ಮೈಕಿನಲ್ಲಿ ತಾವು ‘ಎಡಗಡೆ ನೋಡಿ’ ಎಂದಿರಿ. ಆ ದಿನ ಮೊದಲ ಬಾರಿಗೆ ಎಡಗಡೆ ನೋಡುವಂಥದ್ದೇನೋ ಇತ್ತು.

ಹಿಂದಿರುಗುವ ಟ್ಯಾಕ್ಸಿಯಲ್ಲಿ ಆಯಿಗೆ ಫೋನ್ ಮಾಡಲೂ ದಾರಿಯಿರಲಿಲ್ಲ. ಎಲ್ಲಾದರೂ ಬಿದ್ದುಹೋದೀತೆಂದು ಆಯಿ ತನ್ನ ಮೊಬೈಲನ್ನು ರೋಹಿಣಿಯ ಚೀಲದಲ್ಲಿ ಇಟ್ಟಿದ್ದಳು. ನಮ್ಮ ಲಾಡ್ಜಿನ ಹೆಸರು ಅವಳಿಗೆ ಗೊತ್ತಿರಲಿಲ್ಲ. ಭಾಲೇರಾವ್ ಅವರು ಮಾತ್ರ ದಾರಿಯುದ್ದಕ್ಕೂ ಚಾಲಕನಿಗೆ ಟ್ಯಾಕ್ಸಿ ಓಡಿಸುವುದನ್ನು ಕಲಿಸುತ್ತಿದ್ದರು.

ಗೇಟ್‌ವೇ ಎದುರು ಆಯಿ ಇರಲಿಲ್ಲ. ಜನರ ಫೋಟೊ ತೆಗೆದು ಕೊಡುವವನೊಬ್ಬನನ್ನು ಕೇಳಿದೆವು.

“ನೀಲಿ ಸೀರೆ ಅಜ್ಜಿನಾ? ಇನ್ನೊಬ್ರು ಹೆಂಗಸಿನ ಜೊತೆ ದೋಣಿ ಹತ್ತಿ ಹೋದ್ರಲ್ಲ.”

“ಎಲ್ಲಿಗೆ?” ಎಂದೆ.

“ಎಲ್ಲಿಗೂ ಇಲ್ಲ ದಾದಾ. ಸಮುದ್ರದಲ್ಲಿ ಒಂದು ಸುತ್ತು.”

ಆ ದೋಣಿ ದಡಕ್ಕೆ ಮರಳುವವರೆಗೆ ಸಮುದ್ರವೆಂಬುದು ಎಷ್ಟು ದೊಡ್ಡದೆಂದು ನಾನು ನೋಡಿದೆ. ತಮ್ಮ ಪ್ರವಾಸದಲ್ಲಿ ನಾನು ಸರಿಯಾಗಿ ನೋಡಿದ್ದು ಅದೊಂದೇ. ಕೊನೆಗೆ ಆಯಿ ಬಂದಳು, ದೋಣಿಯ ಮೇಲಿನ ಅಟ್ಟದಲ್ಲಿ ಕೂತು, ಸೆರಗು ಹಾರಿಸಿಕೊಂಡು, ಉಪ್ಪುಶೇಂಗಾ ತಿನ್ನುತ್ತ. ಪಕ್ಕದಲ್ಲಿ ಭಾಲೇರಾವ್ ಅವರ ಶ್ರೀಮತಿ ಶಾಲಿನಿಯವರು.

“ಬಂದ್ರಾ? ಎಲ್ಲಾ ನೋಡಿ ಆಯ್ತಾ?” ಎಂದಳು ಆಯಿ.

ರೋಹಿಣಿ ಅವಳನ್ನು ಅಪ್ಪಿಕೊಂಡೇ ಬೈದಳು. “ಹೆದರಿಕೆ ಆಗ್ಲಿಲ್ವಾ ನಿಮಗೆ?”

“ಆಯ್ತವ್ವ. ಮೊದಲು ಅತ್ತುಬಿಟ್ಟೆ. ಆಮೇಲೆ ಈ ಅಕ್ಕ ಚಹಾ ಕೊಡಿಸಿದ್ಲು. ಸಮುದ್ರ ಎದುರಿಗೇ ಇತ್ತು. ಅಳ್ತಾ ಎಷ್ಟೊತ್ತು ಕೂರೋದು?”

ಭಾಲೇರಾವ್ ಗುಡುಗಿದರು: “ನಾನು ಕಾಣ್ಲಿಲ್ಲ ಅಂತ ನೀನು ಹುಡುಕ್ಲೇ ಇಲ್ವಾ?”

“ಕಾಣ್ದೆ ಏನು? ಬೇರೆ ಬಸ್ಸು ಹತ್ತೋದನ್ನ ಚೆನ್ನಾಗೇ ಕಂಡೆ,” ಎಂದರು ಶಾಲಿನಿ. “ಕೂಗೋಣ ಅಂತ ಬಾಯಿ ತೆಗೆದೆ. ಆಮೇಲೆ ಮುಚ್ಕೊಂಡೆ.”

ಭಾಲೇರಾವ್ ಅವರು ದೋಣಿಯವನತ್ತ ತಿರುಗಿ, ದೋಣಿ ಕಟ್ಟುವುದನ್ನು ಕಲಿಸತೊಡಗಿದರು.

ಆದ್ದರಿಂದ ಮಾನ್ಯರೇ, ನನ್ನ ಪ್ರಾರ್ಥನೆ ಇಷ್ಟೇ. ಇನ್ನು ಮುಂದೆ ತಮ್ಮ ಜಾಹೀರಾತಿನಲ್ಲಿ ‘ಬಿಟ್ಟುಹೋಗುವ ಸೌಲಭ್ಯ’ವನ್ನು ದಪ್ಪ ಅಕ್ಷರಗಳಲ್ಲಿ ಮುದ್ರಿಸಬೇಕು, ಆ ಸೌಲಭ್ಯವನ್ನು ವಯಸ್ಸಾದ ಹೆಂಗಸರಿಗೆ ಮೊದಲು ಒದಗಿಸಬೇಕು, ಸಾಧ್ಯವಾದರೆ ಗೇಟ್‌ವೇಯನ್ನೇ ಬಸ್ಸಿನ ಎಡಗಡೆಗೆ ಶಾಶ್ವತವಾಗಿ ಸ್ಥಳಾಂತರಿಸಬೇಕು. ತಾಯಿಯ ಸೀಟಿನತ್ತ ಒಮ್ಮೆಯೂ ಕತ್ತೆತ್ತಿ ನೋಡದ ಮಗನಿಗೆ ಯಾವ ಶಿಕ್ಷೆಯೆಂದು ತಾವು ಕೇಳಬಹುದು. ಅದನ್ನು ರೋಹಿಣಿ ದಿನವೂ ವಿಧಿಸುತ್ತಿದ್ದಾಳೆ.

ತಮ್ಮ ವಿಶ್ವಾಸಿ, ಮತ್ತು ಇನ್ನೆಂದೂ ಕೊನೆಯ ಸಾಲಿನಲ್ಲಿ ಕೂರದ,
ವಸಂತ ಶೇಡಗೆ

ತಾ.ಕ.: ದೀಪಾವಳಿ ಕಳೆದ ಮೇಲಿನ ಪ್ರವಾಸಕ್ಕೆಂದು ಆಯಿಯೂ ಶಾಲಿನಿಯವರೂ ತಮ್ಮ ಬಸ್ಸಿನಲ್ಲೇ ಮುಂದಿನ ಎರಡು ಸೀಟು ಹಿಡಿದಿದ್ದಾರೆ. ನನ್ನನ್ನಾಗಲಿ ಭಾಲೇರಾವ್ ಅವರನ್ನಾಗಲಿ ಯಾರೂ ಕರೆದಿಲ್ಲ. ದಯವಿಟ್ಟು ಅಂದೂ ತಲೆಗಳನ್ನು ತಾವೇ ಎಣಿಸಿ.